ಕಲ್ಲಿನಿಂದ ಇಳಿಸಿದ ಕೋಲು

ಜಗಳೂರು ತಾಲ್ಲೂಕಿನ ಬಿಳಿಕಲ್ಲಹಟ್ಟಿಯ ಚಿಕ್ಕಹನುಮಂತಪ್ಪ ತನ್ನ ಮನೆಯ ಮೂಲೆಯಲ್ಲಿ ಹನ್ನೆರಡು ವರ್ಷ ಒಂದು ಕಲ್ಲನ್ನು ಇಟ್ಟುಕೊಂಡಿದ್ದ. ಅದು ದೇವರ ಕಲ್ಲಲ್ಲ, ಖಾರ ಅರೆಯುವ ಕಲ್ಲೂ ಅಲ್ಲ. ಒಂದು ಗೇಣು ಎತ್ತರದ, ನೆತ್ತಿ ಚಪ್ಪಟೆಯಾಗಿದ್ದ ಸಾದಾ ಕರಿಕಲ್ಲು. ಹೆಂಡತಿ ಭೀಮಕ್ಕ ಕಸ ಗುಡಿಸುವಾಗಲೆಲ್ಲ ಅದು ಕಾಲಿಗೆ ತಗುಲುತ್ತಿತ್ತು.

"ಇದನ್ನ ಆಚೆಗೆ ಒಗೀಬಾರದಾ?" ಎಂದು ಅವಳು ಬೈಯುತ್ತಿದ್ದಳು.

"ಇರ್ಲಿ ಬಿಡು, ಅದಕ್ಕೂ ಒಂದು ಕೆಲಸ ಐತೆ" ಎನ್ನುತ್ತಿದ್ದ ಅವನು.

ಏನು ಕೆಲಸ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಿದ್ದರೆ ಭೀಮಕ್ಕ ಅದೇ ಕಲ್ಲನ್ನು ಎತ್ತಿ ಮೊದಲು ಅವನ ತಲೆಯ ಮೇಲೆ ಹಾಕುತ್ತಿದ್ದಳು, ಹಾಕಿದ್ದರೂ ತಪ್ಪಿರಲಿಲ್ಲ.

ಅವನ ಕಸುಬು ಅಳತೆ ಕೋಲು ಹಿಡಿಯುವುದು. ಕಾಲುವೆ, ರಸ್ತೆ, ಕೆರೆ ಏನೇ ಆಗಬೇಕಾದರೂ ಮೊದಲು ನೆಲದ ಏರಿಳಿತ ಗೊತ್ತಾಗಬೇಕು. ಮೂರು ಕಾಲಿನ ಮೇಲೆ ಕೂರಿಸಿದ ದುರ್ಬೀನಿನಲ್ಲಿ ಓವರ್‌ಸಿಯರ್ ಕಣ್ಣಿಟ್ಟು ನೋಡುತ್ತಾನೆ. ದೂರದಲ್ಲಿ ಇವನು ಅಂಕಿ ಬರೆದ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ದುರ್ಬೀನಿಗೆ ಕಾಣುವ ಅಂಕಿ ದೊಡ್ಡದಾದರೆ ಅಲ್ಲಿ ನೆಲ ತಗ್ಗು, ಚಿಕ್ಕದಾದರೆ ಎತ್ತರ. ಅಷ್ಟೇ ವಿದ್ಯೆ. "ಕೋಲು ಹಿಡಕಂಡು ನಿಲ್ಲೋದೂ ಒಂದು ಕೆಲಸವೇನಯ್ಯಾ" ಎಂದು ನಗುವವರಿದ್ದರು. ಆ ಕೋಲು ಒಂದು ಗೇಣು ಅತ್ತಿತ್ತಲಾದರೆ ಒಂದು ಊರಿನ ಹಣೆಬರಹವೇ ಅತ್ತಿತ್ತಲಾಗುತ್ತದೆಂದು ನಕ್ಕವರಿಗೆ ಗೊತ್ತಿರಲಿಲ್ಲ. ಮೊದಮೊದಲು ಇವನಿಗೂ ಗೊತ್ತಿರಲಿಲ್ಲ. ಬಂದ ಕಷ್ಟವೆಲ್ಲ ಅದರಿಂದಲೇ.

ಎಪ್ಪತ್ತಮೂರನೇ ಇಸವಿ. ಹಳ್ಳದ ನೀರನ್ನು ಕೆರೆಗೆ ತಿರುಗಿಸುವ ಕಾಲುವೆಯೊಂದು ಮಂಜೂರಾಯಿತು. ಕವಲು ಕಾಲುವೆ ಹೋಗಬಹುದಾದ ಕೆರೆಗಳು ಎರಡು: ಒಂದು ಬಿಳಿಕಲ್ಲಹಟ್ಟಿಯದು, ಇನ್ನೊಂದು ಹೊಂಗೆಕೊಪ್ಪದ್ದು. ಬಿಳಿಕಲ್ಲಹಟ್ಟಿಯ ಕಡೆ ನೆಲ ತಗ್ಗಾಗಿದ್ದರೆ ನೀರು ಅಲ್ಲಿಗೆ, ಇಲ್ಲದಿದ್ದರೆ ಹೊಂಗೆಕೊಪ್ಪಕ್ಕೆ. ಅಳೆಯಲು ಬಂದವನು ಓವರ್‌ಸಿಯರ್ ಮಹೇಶ್ವರಪ್ಪ. ಬಿಳಿ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯಿ ತುಂಬ ಅಡಿಕೆ. ಹೊಂಗೆಕೊಪ್ಪ ಅವನ ಹೆಂಡತಿಯ ತವರು. ಅದನ್ನು ಆಗ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಚಿಕ್ಕಹನುಮಂತಪ್ಪನಿಗೆ ಕೋಲು ಹಿಡಿಯುವ ಕೆಲಸ ಅದೇ ಮೊದಲು. ಮಹೇಶ್ವರಪ್ಪ ಅವನಿಗೆ ಪಾಠ ಹೇಳಿದ: "ನೋಡಲೇ ಚಿಕ್ಕ, ನಾನು ದುರ್ಬೀನು ಎತ್ತಿಕೊಂಡು ಮುಂದಕ್ಕೆ ಹೋಗೋ ಹೊತ್ತಿಗೆ ನೀನು ನಾನು ತೋರಿಸಿದ ಗೇಣೆತ್ತರದ ಕಲ್ಲಿನ ಮೇಲೆ ಕೋಲು ಹಿಡಕಂಡು ನಿಂತಿರಬೇಕು. ನಾನು ಮುಂದೆ ಹೋಗಿ ಕರ್ಚೀಫು ಬೀಸಿದರೆ ಕೋಲನ್ನ ಕಲ್ಲಿಂದ ಕೆಳಗೆ ಇಳಿಸು. ಬೀಸದೇ ಇದ್ದರೆ ಅಲ್ಲೇ ಇರ್ಲಿ. ತಿಳೀತಾ?"

"ತಿಳೀತು ಸ್ವಾಮಿ."

ಕಾಲುವೆಯ ತಲೆಯಿಂದ ಊರಿನವರೆಗೆ ಒಂದೂವರೆ ಮೈಲಿ. ಅಷ್ಟರಲ್ಲಿ ಮಹೇಶ್ವರಪ್ಪ ಐದು ಸಲ ಕರ್ಚೀಫು ಬೀಸಿದ. ಐದು ಸಲವೂ ಚಿಕ್ಕಹನುಮಂತಪ್ಪ ಚಾಚೂ ತಪ್ಪದೆ ಕೋಲನ್ನು ಕಲ್ಲಿನಿಂದ ಇಳಿಸಿ ಬುಡದಲ್ಲಿ ಇಟ್ಟ. ಕೊನೆಗೆ ಊರ ಮುಂದಿನ ಬಂಡೆಯ ಮೇಲೆ ಉಳಿಯಿಂದ ಗುರುತು ಕೊರೆದು, ಮಹೇಶ್ವರಪ್ಪ ಪುಸ್ತಕ ಮುಚ್ಚಿದ. ಇಂಥ ಅಳತೆಯನ್ನು ಹೋದ ದಾರಿಯಲ್ಲೇ ವಾಪಸು ಅಳೆದು ತಾಳೆ ನೋಡಬೇಕು. ಅವನು ಆ ತೊಂದರೆ ತೆಗೆದುಕೊಳ್ಳಲಿಲ್ಲ. "ಏನು ಮಾಡೋದು, ನಿಮ್ಮೂರು ಕಾಲುವೆಗಿಂತ ಎರಡಡಿ ಎತ್ತರ ಐತೆ. ನೀರು ಮೇಲಕ್ಕೆ ಹತ್ತಲ್ಲ" ಎಂದು ಮುಖ ಸಪ್ಪಗೆ ಮಾಡಿಕೊಂಡು ಹೇಳಿದ. ಊರಿನವರು ನಿಟ್ಟುಸಿರು ಬಿಟ್ಟರು. ನೀರು ಹೊಂಗೆಕೊಪ್ಪದ ಕೆರೆಗೆ ಹೋಯಿತು.

ಬಿಳಿಕಲ್ಲಹಟ್ಟಿಯ ಬಾವಿಗಳು ಒಂದೊಂದಾಗಿ ಬತ್ತಿದವು. ಹೆಂಗಸರು ಎರಡು ಮೈಲಿ ನಡೆದು ಹೊಂಗೆಕೊಪ್ಪದ ಕೆರೆಗೆ ಹೋಗಬೇಕಾಯಿತು. ಹೋದರೂ ಚಿಕ್ಕಹನುಮಂತಪ್ಪನ ಕೇರಿಯವರು ಸೋಪಾನ ಇಳಿಯುವಂತಿರಲಿಲ್ಲ. ಖಾಲಿ ಕೊಡ ಹಿಡಿದು ಮೇಲೇ ನಿಂತಿರಬೇಕು. ಹೊಂಗೆಕೊಪ್ಪದವರು ಯಾರಾದರೂ ಮನಸ್ಸು ಬಂದಾಗ ತುಂಬಿ, ಎತ್ತರದಿಂದ ಸುರಿಯುತ್ತಿದ್ದರು. ಒಂದು ದಿನ ಭೀಮಕ್ಕನ ಕೊಡ ಮೇಲಿನ ಮೆಟ್ಟಿಲಿಗೆ ತಗುಲಿತು. ಅಲ್ಲಿದ್ದವನೊಬ್ಬ ದೊಣ್ಣೆಯಿಂದ ತಿವಿದು ಅದನ್ನು ಒಡೆದುಹಾಕಿದ. ಅವಳು ಒಡೆದ ಕೊಡದ ಕಂಠವನ್ನು ಕೈಯಲ್ಲಿ ಹಿಡಿದುಕೊಂಡು ಎರಡು ಮೈಲಿ ನಡೆದು ಬಂದಳು. ಮನೆಗೆ ಬಂದು ಅಳಲಿಲ್ಲ. "ನಮ್ಮೂರ ನೆಲಕ್ಕೆ ಬೆಂಕಿ ಹಾಕ, ಎರಡಡಿ ಎತ್ತರ ಹುಟ್ಟಿ ನಮ್ಮ ಮರ್ಯಾದೆ ತೆಗೀತು" ಎಂದಳು. ಚಿಕ್ಕಹನುಮಂತಪ್ಪನೂ ಅವಳ ಜೊತೆ ಸೇರಿ ನೆಲವನ್ನೇ ಬೈದ.

ಬೈಯಬೇಕಾದದ್ದು ನೆಲವನ್ನಲ್ಲ ಎಂದು ಗೊತ್ತಾದದ್ದು ಎರಡು ವರ್ಷ ಬಿಟ್ಟು, ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿ. ಅಲ್ಲಿ ಬೇರೊಬ್ಬ ಸರ್ವೇಯರ ಕೈಕೆಳಗೆ ಕೋಲು ಹಿಡಿಯುತ್ತಿದ್ದ. ಜೊತೆಗೆ ಗಾದ್ರಪ್ಪ ಎಂಬ ಹಳೆಯ ಆಳು, ಕೋಲು ಹಿಡಿದು ತಲೆ ನರೆತವನು. ಸರಿ ಮಧ್ಯಾಹ್ನದ ಬಿಸಿಲು. ಆ ಸರ್ವೇಯರು ದುರ್ಬೀನಿನ ಹತ್ತಿರ ನಿಂತು ಬೆವರು ಒರೆಸಿಕೊಳ್ಳಲು ಕರ್ಚೀಫು ತೆಗೆದು ಒಮ್ಮೆ ಝಾಡಿಸಿದ. ಪಾಪ, ಅವನಿಗೆ ಬೆವರು ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ. ಇತ್ತ ಚಿಕ್ಕಹನುಮಂತಪ್ಪ ಥಟ್ಟನೆ ಕೋಲನ್ನು ಕಲ್ಲಿನಿಂದ ಇಳಿಸಿ ಬುಡದಲ್ಲಿ ಇಟ್ಟ.

ಗಾದ್ರಪ್ಪ ಬಂದು ರಪ್ಪನೆ ಅವನ ಕೈಗೆ ಹೊಡೆದ. "ಏಯ್ ಮಂಗ್ಯಾ! ದುರ್ಬೀನು ಜಾಗ ಬದಲಾಯಿಸೋ ಹೊತ್ತಿನಾಗೆ ಕೋಲು ಅಲ್ಲಾಡಿಸ್ತೀಯಲ್ಲೋ!"

"ಕರ್ಚೀಫು ಬೀಸಿದರೆ ಇಳಿಸಬೇಕಲ್ಲಣ್ಣಾ."

"ಯಾವ ಬೋಸುಡಿಮಗ ಹೇಳಿದ ನಿಂಗೆ?" ಗಾದ್ರಪ್ಪ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ. "ಹಿಂದಿನ ಜಾಗದಿಂದ ನೋಡಿದ್ದು ಕಲ್ಲಿನ ನೆತ್ತಿ. ಮುಂದಿನ ಜಾಗದಿಂದಲೂ ಅದೇ ನೆತ್ತೀನೇ ನೋಡಬೇಕು. ನೀನು ಬುಡಕ್ಕಿಳಿಸಿದರೆ, ಬುಡನೇ ನೆತ್ತಿ ಅಂತ ಪುಸ್ತಕದಾಗೆ ಕೂತ್ಕಳ್ತದೆ. ಅಲ್ಲಿಂದ ಮುಂದಿನ ನೆಲ ಎಲ್ಲಾ ಒಂದು ಕಲ್ಲಿನಷ್ಟು ಸುಳ್ಳು ಎತ್ತರ ಆಗ್ತದೆ."

"ಐದು ಸಲ ಇಳಿಸಿದರೆ?"

"ಐದು ಕಲ್ಲಿನಷ್ಟು."

ಐದು ಗೇಣು ಎಂದರೆ ಮೂರು ಮುಕ್ಕಾಲು ಅಡಿ. ಊರು ಎರಡಡಿ ಎತ್ತರ ಎಂದಿದ್ದ ಮಹೇಶ್ವರಪ್ಪ. ಚಿಕ್ಕಹನುಮಂತಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಈ ಲೆಕ್ಕ ಹಾಕಲು ಬೆರಳುಗಳೂ ಬೇಕಾಗಲಿಲ್ಲ. ಅವನ ಊರು ಕಾಲುವೆಗಿಂತ ಎತ್ತರವಿರಲಿಲ್ಲ, ತಗ್ಗಿತ್ತು. ಊರಿಗೆ ಬರಬೇಕಿದ್ದ ನೀರನ್ನು ಅವನೇ, ಅವನ ಕೈಯಿಂದಲೇ, ಐದು ಸಲ ತಡೆದು ಹೊಂಗೆಕೊಪ್ಪಕ್ಕೆ ಕಳಿಸಿದ್ದ. ಅವತ್ತು ಅವನು ಊಟ ಮಾಡಲಿಲ್ಲ. ಮುಂದಿನ ವಾರ ಊರಿಗೆ ಹೋದವನೇ, ಆ ಹಳೆಯ ಜಾಗಗಳಿಗೆ ಒಬ್ಬನೇ ನಡೆದು, ಐದರಲ್ಲಿ ಒಂದು ಕಲ್ಲನ್ನು ಎತ್ತಿಕೊಂಡು ಬಂದ.

ಆಮೇಲಿನ ಹನ್ನೆರಡು ವರ್ಷ ಅವನ ಹೊಟ್ಟೆಯಲ್ಲಿ ಇದ್ದದ್ದು ಸೇಡು ಒಂದೇ. ಮಹೇಶ್ವರಪ್ಪ ಬಡ್ತಿ ಮೇಲೆ ಬಡ್ತಿ ಪಡೆದು ಎಂಜಿನಿಯರ್ ಆದ, ಜೀಪು ಬಂತು, ಹೊಟ್ಟೆ ಬಂತು. ಜೀಪು ಹೋದಾಗಲೆಲ್ಲ ಚಿಕ್ಕಹನುಮಂತಪ್ಪ ರಸ್ತೆಯ ಪಕ್ಕ ನಿಂತು ಕೈ ಮುಗಿಯುತ್ತಿದ್ದ, ಧೂಳು ಇಳಿದ ಮೇಲೆ ಕ್ಯಾಕರಿಸಿ ಉಗಿಯುತ್ತಿದ್ದ. ಆ ಕಲ್ಲನ್ನು ಅವನ ತಲೆಯ ಮೇಲೆ ಎತ್ತಿಹಾಕಲೇ ಎಂದುಕೊಂಡ ದಿನಗಳೂ ಇದ್ದವು. ಆದರೆ ಸತ್ತವನಿಗೆ ಅವಮಾನವಾಗುವುದಿಲ್ಲ. ಖಾಲಿ ಕೊಡ ಹಿಡಿದು ನಿಂತ ಭೀಮಕ್ಕನಿಗೆ ಆದಂಥ ಅವಮಾನ ಅವನಿಗೂ ಆಗಬೇಕು, ನಾಲ್ಕು ಜನರ ಮುಂದೆ ಆಗಬೇಕು. ದೂರು ಕೊಡಲೇ ಎಂದರೆ, ಪುಸ್ತಕದಲ್ಲಿ ಬರೆದದ್ದನ್ನು ಬಿಟ್ಟು ಕೋಲು ಹಿಡಿದವನ ಮಾತು ಯಾರು ಕೇಳುತ್ತಾರೆ? ಅದೂ ಅಲ್ಲದೆ, ದೂರು ಕೊಟ್ಟರೆ ಮೊದಲು ಹೇಳಬೇಕಾದದ್ದು 'ಇಳಿಸಿದವನು ನಾನು' ಎಂದು. ಅದನ್ನು ಭೀಮಕ್ಕನ ಮುಂದೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಸೇಡಿನವನಿಗೂ ಇಂಥ ಪುಕ್ಕಲುತನ ಇರುತ್ತದೆ.

ಎಂಬತ್ತೇಳರ ಜನವರಿಯಲ್ಲಿ ಶಿವಗಂಗಾ ಎಂಬ ವಿಜ್ಞಾನಿ ಬಂದರು. ಹುಟ್ಟೂರು ಚನ್ನಗಿರಿಯ ಹತ್ತಿರದ ನಲ್ಲೂರು, ಕೆಲಸ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ವಿಮಾನದಿಂದ ರೇಡಾರ್ ಬಿಟ್ಟು ನೆಲದ ಏರಿಳಿತದ ನಕ್ಷೆ ಮಾಡುವ ಪ್ರಯೋಗ ಅವರದು. ಅದಕ್ಕಾಗಿ ನೆಲದ ಮೇಲೆ ನಾಲ್ಕು ಕಡೆ ತಗಡಿನ ಮೂಲೆಗಳನ್ನು ನಿಲ್ಲಿಸಬೇಕಿತ್ತು: ಮೂರು ತಗಡನ್ನು ಗೋಡೆ, ಗೋಡೆ, ನೆಲ ಕೂಡುವ ಮೂಲೆಯಂತೆ ಜೋಡಿಸಿದ, ರೇಡಾರ್ ಅಲೆಯನ್ನು ಬಂದ ಕಡೆಗೇ ವಾಪಸು ಕಳಿಸುವ, ಆಳೆತ್ತರದ ಸಾಮಾನು. ನ್ಯಾಮತಿಯ ಕಡೆ ಸೂರಗೊಂಡನಕೊಪ್ಪದ ಹತ್ತಿರ ಒಂದು, ಹೊನ್ನಾಳಿಯ ಹೊಳೆಯಾಚೆ ಒಂದು, ಚನ್ನಗಿರಿಯಲ್ಲಿ ಒಂದು. ಸಾಮಾನು ಹೊತ್ತು ನಿಲ್ಲಿಸುವ ಕೆಲಸಕ್ಕೆ ಸೇರಿದ್ದ ಚಿಕ್ಕಹನುಮಂತಪ್ಪ ಒಂದು ದಿನ ಕೇಳಿದ:

"ಇದು ಎತ್ತರ ಹೆಂಗೆ ಕಂಡುಹಿಡೀತದ್ರೀ ಅಮ್ಮಾವ್ರೇ?"

ಶಿವಗಂಗಾ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಹೆಂಗಸು. "ಜಗಲಿ ಈ ತುದಿಗೆ ನೀವು, ಆ ತುದಿಗೆ ನಾನು ಕೂತೀವಿ ಅನ್ಕಳ್ರಿ. ಎದುರಿಗೆ ಯಾರೋ ಚಪ್ಪಾಳೆ ತಟ್ಟಿದರು. ಇಬ್ರಿಗೂ ಕೇಳಿಸ್ತದೆ, ಆದರೆ ಒಬ್ರಿಗೆ ಒಂದು ಚೂರು ಮೊದಲು, ಇನ್ನೊಬ್ರಿಗೆ ಒಂದು ಚೂರು ತಡ. ಆ ಚೂರು ಎಷ್ಟು ಅಂತ ಗೊತ್ತಾದರೆ ಚಪ್ಪಾಳೆ ಎಲ್ಲಿಂದ ಬಂತು, ಎಷ್ಟು ಎತ್ತರದಿಂದ ಬಂತು ಅಂತ ಹೇಳಬಹುದು. ವಿಮಾನಕ್ಕೆ ಹಂಗೇ ಎರಡು ಕಿವಿ ಇಟ್ಟೀವಿ. ರೇಡಾರ್ ಅಲೆ ನೆಲಕ್ಕೆ ಬಡಿದು ವಾಪಸ್ ಬಂದಾಗ ಎರಡೂ ಕಿವಿ ಕೇಳ್ತವೆ."

"ಪುಸ್ತಕದಾಗೆ ಸುಳ್ಳು ಬರೆದಿದ್ದರೂ ಅದಕ್ಕೆ ಗೊತ್ತಾಗ್ತದಾ?"

"ಅದು ಪುಸ್ತಕ ನೋಡಲ್ಲ, ನೆಲ ನೋಡ್ತದೆ" ಎಂದು ಅವರು ನಕ್ಕರು.

ಚಿಕ್ಕಹನುಮಂತಪ್ಪನಿಗೆ ದೇವರೇ ವಿಮಾನ ಹತ್ತಿ ಬಂದಂತಾಯಿತು. ಮನುಷ್ಯರ ಪುಸ್ತಕ ನಂಬದ, ಕರ್ಚೀಫಿಗೆ ಇಳಿಯದ, ಆಕಾಶದಲ್ಲಿ ಹೋಗುವ ಸಾಕ್ಷಿ! ನಾಲ್ಕನೆಯ ತಗಡಿಗೆ ಜಗಳೂರಿನ ಕಡೆ ಮರವಿಲ್ಲದ ಬಯಲು ಬೇಕು ಎಂದು ಅವರು ಕೇಳಿದಾಗ ಅವನು ನೇರವಾಗಿ ಬಿಳಿಕಲ್ಲಹಟ್ಟಿಗೆ ಕರೆದುಕೊಂಡು ಹೋದ. ಮಹೇಶ್ವರಪ್ಪ ಗುರುತು ಕೊರೆದ ಬಂಡೆಯ ಪಕ್ಕದಲ್ಲೇ ತಗಡು ನಿಲ್ಲಿಸಿದ. ಒಂದು ಬೆಳಿಗ್ಗೆ ವಿಮಾನ ಊರಿನ ಮೇಲೆ ಹಾದುಹೋಯಿತು. ಅವನು ಬಂಡೆಯ ಹತ್ತಿರ ನಿಂತು, ವಿಮಾನ ಚುಕ್ಕಿಯಾಗುವವರೆಗೂ ನೋಡಿದ.

ಏಪ್ರಿಲ್‌ನಲ್ಲಿ ಶಿವಗಂಗಾ ಸುರುಳಿ ಸುತ್ತಿದ ಚಿತ್ರದೊಂದಿಗೆ ಮತ್ತೆ ಬಂದರು. ಗುಡ್ಡಗಳ ಸುತ್ತ ಬಣ್ಣಬಣ್ಣದ ಪಟ್ಟೆಗಳು, ಸೀರೆಯ ಅಂಚು ಸುತ್ತಿದ ಹಾಗೆ. ಒಂದೊಂದು ಸುತ್ತು ಪಟ್ಟೆಗೆ ಇಷ್ಟಿಷ್ಟು ಎತ್ತರ ಎಂದು ತೋರಿಸಿದರು. ಚಿಕ್ಕಹನುಮಂತಪ್ಪ ಮುಂದಕ್ಕೆ ಬಗ್ಗಿ ಕೇಳಿದ:

"ಅಮ್ಮಾವ್ರೇ, ಕಾಲುವೆ ತಲೆ ಎತ್ತರವೋ, ನಮ್ಮೂರು ಎತ್ತರವೋ? ಅದೊಂದು ಹೇಳಿಬಿಡ್ರಿ."

ಅವರು ಚಿತ್ರದ ಮೇಲೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. "ಎರಡೂ ಒಂದೇ ಬಣ್ಣದಾಗೆ ಐದಾವೆ. ಇದು ಗುಡ್ಡ ಎಲ್ಲಿ, ಕಣಿವೆ ಎಲ್ಲಿ ಅಂತ ಹೇಳ್ತದೆ ಅಷ್ಟೇ. ಎರಡು ಮೂರು ಆಳೆತ್ತರ ಅತ್ತಿತ್ತ ಆದರೂ ಇದಕ್ಕೆ ಗೊತ್ತಾಗಲ್ಲ. ಅಡಿ, ಗೇಣು ಹೇಳೋ ಶಕ್ತಿ ಇನ್ನೂ ಬಂದಿಲ್ಲ."

ಅವನು ಅಲ್ಲೇ ಕುಕ್ಕರಿಸಿದ. ಹನ್ನೆರಡು ವರ್ಷ ಕಾದು, ಆಕಾಶದಿಂದ ಸಾಕ್ಷಿ ಬಂದು, ಆ ಸಾಕ್ಷಿಗೆ ಕಣ್ಣು ಮಂಜು! ಅವನಿಗೆ ವಿಮಾನದ ಮೇಲೂ ಸಿಟ್ಟು ಬಂತು.

ಶಿವಗಂಗಾ ಚಿತ್ರ ಸುತ್ತುತ್ತಾ ತಮ್ಮ ಪಾಡಿಗೆ ತಾವು ಹೇಳುತ್ತಿದ್ದರು. "ಈ ಚಿತ್ರ ಎಷ್ಟು ಸರಿ ಐತೆ ಅಂತ ನೋಡಾಕೆ ಆ ನಾಲ್ಕು ತಗಡಿನ ನಿಜವಾದ ಎತ್ತರ ಬೇಕು. ಮೂರರದ್ದು ಸಿಕ್ಕೈತೆ. ನಿಮ್ಮೂರಿಂದು ಹಳೇ ಪುಸ್ತಕದಾಗೆ ಐತೆ, ಆದರೆ ವಾಪಸ್ ಅಳತೆನೇ ಮಾಡಿಲ್ಲ, ನಂಬಾಕಾಗಲ್ಲ. ಕಾಲುವೆ ತಲೆಯಿಂದ ಮತ್ತೆ ಅಳೀಬೇಕು. ದುರ್ಬೀನು, ಕೋಲು ಇಟ್ಕಂಡು, ಹಳೇ ರೀತೀಲೇ. ಇಲ್ಲಿನ ಎಂಜಿನಿಯರ್ ಮಹೇಶ್ವರಪ್ಪ ಅಂತ ಇದಾರಲ್ಲ, ತಾವೇ ಬರ್ತೀನಿ ಅಂದಾರೆ. ಕೋಲು ಯಾರು ಹಿಡೀತಾರೋ."

ಚಿಕ್ಕಹನುಮಂತಪ್ಪ ಎದ್ದು ನಿಂತ. "ನಾನು ಹಿಡೀತೀನಿ" ಎಂದ.

ಜೀಪು ಹತ್ತಿ ತಿರುಗುವ ಎಂಜಿನಿಯರು ದುರ್ಬೀನು ಹಿಡಿಯಲು ತಾನೇ ಬರುತ್ತೇನೆ ಎಂದದ್ದು ಸುಮ್ಮನಲ್ಲ. ಅಳತೆಯ ದಿನ ಬೆಳಿಗ್ಗೆ ಮಹೇಶ್ವರಪ್ಪ ಅವನನ್ನು ಜೀಪಿನ ಹಿಂದಕ್ಕೆ ಕರೆದು, ಹೆಗಲ ಮೇಲೆ ಕೈ ಇಟ್ಟ. ಮುಟ್ಟಿದ್ದು ಅದೇ ಮೊದಲು.

"ಚಿಕ್ಕಾ, ಕರ್ಚೀಫು ನೆನಪೈತೇನೋ?"

"ಐತೆ ಸ್ವಾಮಿ. ಐದು ಸಲ."

"ಬುದ್ಧಿವಂತ ನೀನು. ಇವತ್ತೂ ಅಷ್ಟೇ. ಹಳೇ ಪುಸ್ತಕ, ಹೊಸ ಪುಸ್ತಕ ತಾಳೆ ಆಗಬೇಕು. ದಿನಗೂಲಿ ಸಾಕು, ನಿನ್ನ ಪರ್ಮನೆಂಟ್ ಮಾಡಿಸೋ ಜವಾಬ್ದಾರಿ ನಂದು."

"ಆಗ್ಲಿ ಸ್ವಾಮಿ" ಎಂದ ಚಿಕ್ಕಹನುಮಂತಪ್ಪ, ಕೈ ಮುಗಿದ. ಮಹೇಶ್ವರಪ್ಪ ಅದನ್ನು ಕೃತಜ್ಞತೆ ಎಂದುಕೊಂಡ.

ದುರ್ಬೀನಿನ ಅಂಕಿಯನ್ನು ಮಹೇಶ್ವರಪ್ಪ ಗಟ್ಟಿಯಾಗಿ ಓದಬೇಕು, ಅವನೂ ಬರೆದುಕೊಳ್ಳಬೇಕು, ಶಿವಗಂಗಾ ಕೂಡ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂದು ಮಾತಾಯಿತು. ಕೆಲಸ ಶುರುವಾಯಿತು. ಚಿಕ್ಕಹನುಮಂತಪ್ಪ ಜಾಲಿಯ ಪೊದೆಗಳ ಹಿಂದೆ ಗೇಣೆತ್ತರದ ಕಲ್ಲುಗಳನ್ನೇ ಆರಿಸಿ, ಅವುಗಳ ಮೇಲೆ ಕೋಲು ನಿಲ್ಲಿಸುತ್ತಾ ಹೋದ. ದುರ್ಬೀನಿಗೆ ಕೋಲಿನ ನಡು ಕಾಣುತ್ತದೆ, ಬುಡ ಕಾಣುವುದಿಲ್ಲ. ಕರ್ಚೀಫು ಮೊದಲ ಸಲ ಅಲ್ಲಾಡಿತು. ಅವನು ಬಗ್ಗಿ, ಕಾಲಿನ ಮುಳ್ಳು ತೆಗೆದವನಂತೆ ಮಾಡಿ, ಮತ್ತೆ ನೆಟ್ಟಗೆ ನಿಂತ. ಕೋಲು ಕಲ್ಲಿನ ನೆತ್ತಿಯ ಮೇಲೇ ಇತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅವನಿಗೆ ಒಂದು ದುರ್ಬುದ್ಧಿ ಬಂತು: ಉಲ್ಟಾ ಮೋಸ ಮಾಡಿ, ಊರನ್ನು ಇನ್ನೂ ಆರಡಿ ತಗ್ಗಿಸಿ, ಈ ಸೂಳೇಮಗನನ್ನು ಜೈಲಿಗೇ ಕಳಿಸಿದರೆ? ಆಸೆಯೇನೋ ಬಾಯಲ್ಲಿ ನೀರೂರಿಸಿತು. ಆದರೆ ನಾಳೆ ವಾಪಸು ಅಳತೆ ಇದೆ, ಒಂದು ಸುಳ್ಳು ಸಿಕ್ಕಿಬಿದ್ದರೆ ಎಲ್ಲವೂ ಸುಳ್ಳಾಗುತ್ತದೆ. ಈ ಸೇಡಿಗೆ ನಿಜವೇ ಸಾಕು ಎಂದುಕೊಂಡು ಹಲ್ಲು ಕಚ್ಚಿ ನಿಂತ. ನಾಲ್ಕು. ಐದು. ಕೋಲು ಅಲ್ಲಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂಡೆಯ ಹತ್ತಿರ ಬಂದರು. ಊರಿನವರು ಸೇರಿದ್ದರು, ಭೀಮಕ್ಕನೂ ಹೊಂಗೆಕೊಪ್ಪಕ್ಕೆ ಹೊರಟವಳು ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಮಹೇಶ್ವರಪ್ಪ ಅಡಿಕೆ ಜಗಿಯುತ್ತಾ ಕೂಡಿದ, ಕಳೆದ. ಜಗಿಯುವುದು ನಿಂತಿತು. ಮತ್ತೊಮ್ಮೆ ಕಳೆದ. ಶಿವಗಂಗಾ ತಮ್ಮ ಪುಸ್ತಕದಿಂದ ಓದಿದರು: "ಈ ಗುರುತು ಕಾಲುವೆಗಿಂತ ಒಂದು ಮುಕ್ಕಾಲು ಅಡಿ ತಗ್ಗು. ಹಳೇ ಪುಸ್ತಕದಾಗೆ ಎರಡಡಿ ಎತ್ತರ ಅಂತ ಐತೆ. ಮೂರು ಮುಕ್ಕಾಲು ಅಡಿ ಹೆಂಗೆ ತಪ್ತು ಸಾರ್?"

ಜನ ಗುಸುಗುಸು ಎಂದರು. ಮಹೇಶ್ವರಪ್ಪ ಚಿಕ್ಕಹನುಮಂತಪ್ಪನ ಕಡೆ ನೋಡಿದ. ಇಬ್ಬರೂ ಒಬ್ಬರ ಕಣ್ಣನ್ನು ಒಬ್ಬರು ನೋಡಿದರು. ಎಂಜಿನಿಯರ ಮುಖದಲ್ಲಿ ಬೆವರೊಡೆಯಿತು, ಕರ್ಚೀಫಿಗೆ ಕೈ ಹೋಗಿ ಅರ್ಧಕ್ಕೇ ನಿಂತಿತು. ಸೇಡಿನಲ್ಲಿ ರುಚಿಯಿಲ್ಲ ಎಂದು ಹೇಳುವವರಿದ್ದಾರೆ. ಆ ಒಂದು ಗಳಿಗೆ ಚಿಕ್ಕಹನುಮಂತಪ್ಪನಿಗೆ ಹೋಳಿಗೆ ತುಪ್ಪ ಉಂಡಷ್ಟು ರುಚಿಯಾಗಿತ್ತು.

ಆದರೆ ಮಹೇಶ್ವರಪ್ಪನೂ ಪಳಗಿದ ಆಸಾಮಿ. "ಕೇಳಬೇಕಾದ್ದು ನನ್ನನ್ನಲ್ಲ ಮೇಡಂ" ಎಂದು ಗಟ್ಟಿಯಾಗಿ ಹೇಳಿದ. "ಆವತ್ತು ಕೋಲು ಹಿಡಿದವನು ಇವನೇ. ಏನು ಕಿತಾಪತಿ ಮಾಡಿದ್ನೋ, ಅವನ ಬಾಯಿಂದಲೇ ಕೇಳ್ರಿ."

ಎಲ್ಲರ ಕಣ್ಣೂ ಇವನ ಮೇಲೆ ತಿರುಗಿದವು. ಇವನು ನೋಡಿದ್ದು ಭೀಮಕ್ಕನನ್ನು ಮಾತ್ರ. ನೇರ ಮನೆಗೆ ನಡೆದ. ಓಡಿಹೋದ ಎಂದುಕೊಂಡರು. ಕಲ್ಲು ಹೊತ್ತುಕೊಂಡು ವಾಪಸು ಬಂದ.

"ಹೌದು. ನಾನೇ" ಎಂದ. ಕಲ್ಲನ್ನು ನೆಲಕ್ಕಿಟ್ಟು ಅದರ ಮೇಲೆ ಕೋಲು ನಿಲ್ಲಿಸಿದ. "ಇದು ನೆತ್ತಿ. ಈ ಸ್ವಾಮಿ ಕರ್ಚೀಫು ಬೀಸಿದರು. ನಾನು ಹಿಂಗೆ ಇಳಿಸಿದೆ." ಕೋಲನ್ನು ಬುಡಕ್ಕೆ ಇಳಿಸಿದ. "ಒಂದು ಗೇಣು. ಹಿಂಗೇ ಐದು ಸಲ. ನನಗೆ ಆಗ ತಿಳೀಲಿಲ್ಲ. ತಿಳಿದು ಹನ್ನೆರಡು ವರ್ಷ ಆತು, ಬಾಯಿ ಬಿಡಲಿಲ್ಲ. ಇವತ್ತೂ ಬೆಳಿಗ್ಗೆ ಜೀಪಿನ ಹಿಂದೆ ಕರೆದು ಹಂಗೇ ಇಳಿಸು ಅಂದ್ರು. ಐದು ಸಲ ಬೀಸಿದ್ದು ಅಮ್ಮಾವ್ರೂ ನೋಡಿರಬೇಕು. ಇವತ್ತು ನಾನು ಇಳಿಸಲಿಲ್ಲ."

"ನೋಡ್ದೆ. ಸೆಕೆಗೆ ಬೀಸ್ತಾರೆ ಅನ್ಕಂಡಿದ್ದೆ" ಎಂದರು ಶಿವಗಂಗಾ. ಅವರು ಕಲ್ಲನ್ನು ಅಳೆದರು, ಐದರಿಂದ ಗುಣಿಸಿದರು. ಮೂರು ಮುಕ್ಕಾಲು ಅಡಿ. ಮಹೇಶ್ವರಪ್ಪ ಜೀಪಿನ ಕಡೆ ಹೊರಟ. ಹೆಂಗಸರು ಖಾಲಿ ಕೊಡಗಳನ್ನು ದಾರಿಗೆ ಅಡ್ಡ ಸಾಲಾಗಿ ಇಟ್ಟು ನಿಂತರು. ಯಾರೂ ಬೈಯಲಿಲ್ಲ, ಯಾರೂ ದಾರಿ ಬಿಡಲೂ ಇಲ್ಲ. ಶಿವಗಂಗಾ ಎರಡೂ ಪುಸ್ತಕಕ್ಕೆ ಅವನ ಸಹಿ ಹಾಕಿಸಿಕೊಳ್ಳುವವರೆಗೂ ಅವನು ಆ ಬಿಸಿಲಲ್ಲಿ, ಕೊಡಗಳ ಮುಂದೆ, ಯಾರಾದರೂ ದಾರಿ ಕೊಡಲೆಂದು ಕಾಯುತ್ತಾ ನಿಂತಿದ್ದ.

ಮರುದಿನದ ವಾಪಸು ಅಳತೆ ಅರ್ಧ ಬೆರಳಿನ ವ್ಯತ್ಯಾಸದಲ್ಲಿ ತಾಳೆಯಾಯಿತು. ವಿಚಾರಣೆ ನಡೆಯಿತು. ಮಹೇಶ್ವರಪ್ಪನ ಬಡ್ತಿ ಕಿತ್ತುಕೊಂಡು ದೂರದ ಊರಿಗೆ ಹಾಕಿದರು. ಬಿಳಿಕಲ್ಲಹಟ್ಟಿಗೆ ಕವಲು ಕಾಲುವೆ ತೋಡಲು ಆದೇಶ ಬಂತು.

ಸೇಡು ಇಲ್ಲಿಗೆ ಮುಗಿಯಿತು ಎಂದು ಚಿಕ್ಕಹನುಮಂತಪ್ಪ ಅಂದುಕೊಂಡಿದ್ದ. ಆದರೆ ಮೊದಲ ಅಳತೆ ನಡೆದ ದಿನವೇ ಸಂಜೆ ಭೀಮಕ್ಕ ಕಲ್ಲನ್ನು ಹೊಸ್ತಿಲ ಮೇಲೆ ಇಟ್ಟು, ಅದರ ಮೇಲೆ ಕೊಡ ಇಟ್ಟಿದ್ದಳು.

"ಹನ್ನೆರಡು ವರ್ಷ ನಿನಗೆ ಗೊತ್ತಿತ್ತು" ಎಂದಳು. "ನಾನು ದಿನಾ ಆ ಕೆರೆ ದಂಡೆ ಮ್ಯಾಲೆ ನಿಂತು ಬರ್ತಿದ್ದೆ. ನೀನು ಉಣ್ಣೋ ಮುಂಚೆ ನಾನು ತಂದ ನೀರಿನಾಗೆ ಕೈ ತೊಳೀತಿದ್ದೆ."

"ಹೆಂಗೆ ಹೇಳ್ಲಿ ನಿನಗೆ..."

"ಹೇಳಬ್ಯಾಡ. ನಾಳೆಯಿಂದ ನೀರು ನೀನು ತಾ. ಕೆರೆ ತುಂಬೋ ತನಕ."

ಅವನ ತಾಯಿ ಹನುಮಂತಮ್ಮ ಮೂಗಿನ ಮೇಲೆ ಬೆರಳಿಟ್ಟಳು, "ಗಂಡಸು ತಲೆ ಮ್ಯಾಲೆ ಕೊಡ ಹೊರ್ತಾನೇನೇ" ಎಂದಳು. ಮರುದಿನ ಬೆಳಿಗ್ಗೆ ಚಿಕ್ಕಹನುಮಂತಪ್ಪ ವಾಪಸು ಅಳತೆಗೆ ಹೋಗುವ ಮೊದಲೇ ಕೊಡ ಹೊತ್ತು ಹೊಂಗೆಕೊಪ್ಪಕ್ಕೆ ಹೋದ. ಸೋಪಾನಕ್ಕೆ ಕಾಲಿಡದೆ ಮೇಲೇ, ಹೆಂಗಸರ ಸಾಲಿನಲ್ಲಿ ನಿಂತ. ಕೆಳಗಿದ್ದವರು ಇವನನ್ನು ನೋಡಿ ಕಿಸಕ್ಕನೆ ನಕ್ಕರು, ಬೇಕೆಂದೇ ಕೊನೆಗೆ ಸುರಿದರು, ಅರ್ಧ ಚೆಲ್ಲಿದರು. ಅಷ್ಟು ವರ್ಷ ಅವನು ಸೇಡು ಸೇಡು ಎಂದು ಹಲ್ಲು ಕಡಿದಿದ್ದನಲ್ಲ, ಭೀಮಕ್ಕನಿಗೆ ಆದದ್ದು ಏನೆಂದು ಗೊತ್ತಾದದ್ದು ಅವತ್ತು.

ಒಂದು ವರ್ಷ ಏಳು ತಿಂಗಳು ಒಂದು ದಿನವೂ ತಪ್ಪದೆ ನೀರು ಹೊತ್ತ. ಊರು ನಕ್ಕಿತು, ಆಮೇಲೆ ನಗುವುದನ್ನು ಬಿಟ್ಟಿತು. ಎಂಬತ್ತೆಂಟರ ಕೊನೆಯಲ್ಲಿ ಕಾಲುವೆಯ ನೀರು ಬಿಳಿಕಲ್ಲಹಟ್ಟಿಯ ಕೆರೆಗೆ ಇಳಿದ ದಿನ ಬೆಳಿಗ್ಗೆ ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಎಂದಿನಂತೆ ಹೊಂಗೆಕೊಪ್ಪದಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದ. ಭೀಮಕ್ಕ ಊರ ಮುಂದಿನ ಬಂಡೆಯ ಹತ್ತಿರ ನಿಂತಿದ್ದಳು. ಅವಳ ಸೀರೆ ಮೊಣಕಾಲಿನವರೆಗೂ ಒದ್ದೆಯಾಗಿತ್ತು.

"ಸಾಕು" ಎಂದಳು. "ಇಳಿಸು."